ವೀಣೆಯ ಮೀಟು ತಡವಾಗಿ ಕೇಳಿಸಿದಾಗ

ಮೈಸೂರಿನ ಕುವೆಂಪುನಗರದ ಒಂದು ಮನೆಯ ಕೋಣೆಯಲ್ಲಿ ವೀಣೆ ರೆಕಾರ್ಡಿಂಗ್ ನಡೆದಿತ್ತು. ವಿದುಷಿಯವರು ಎರಡು ಸಲ ಮೀಟಿ ಹೆಡ್‌ಫೋನ್ ಕಳಚಿಟ್ಟರು. "ಬೆರಳು ಮುಂದಕ್ಕೆ ಹೋದ ಮೇಲೆ ನಾದ ಬರುತ್ತಿದೆಯಲ್ಲಪ್ಪಾ" ಎಂದರು. ನೋಡಿದರೆ ಕಂಪ್ಯೂಟರಿನ ಬಫರ್, ಅಂದರೆ ದನಿಯನ್ನು ಕೂಡಿಟ್ಟು ಲೆಕ್ಕಕ್ಕೆ ಕಳಿಸುವ ಕಂತು, 1024 ಸ್ಯಾಂಪಲ್‌ಗೆ (ದನಿಯ ಅಳತೆಗಳಿಗೆ) ನಿಂತಿತ್ತು. ಕಂತು ದೊಡ್ಡದಾದಷ್ಟೂ ಕಂಪ್ಯೂಟರಿಗೆ ಹಗುರ, ಆದರೆ ದನಿ ತಡ. ಸೆಕೆಂಡಿಗೆ 44,100 ಸ್ಯಾಂಪಲ್ ಎಂದರೆ ಅದು 23 ಮಿಲಿಸೆಕೆಂಡು. ಒಳಗೆ ಹೋಗಿ ಹೊರಗೆ ಬರುವಷ್ಟರಲ್ಲಿ ಅದರ ಎರಡರಷ್ಟು. 128ಕ್ಕೆ ಇಳಿಸಿದೆ. ಒಂದು ದಿಕ್ಕಿಗೆ ಸುಮಾರು 3 ಮಿಲಿಸೆಕೆಂಡು, ಒಂದು ಮೀಟರ್ ದೂರದ ದನಿ ಕಿವಿಗೆ ಬರುವಷ್ಟೇ ಹೊತ್ತು. ಗಮಕ ಮತ್ತೆ ಅವರ ಕೈಗೆ ಸಿಕ್ಕಿತು.

1935ರಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು ಮನೆಯಲ್ಲೇ ಆಕಾಶವಾಣಿ ಎಂಬ ರೇಡಿಯೊ ಕೇಂದ್ರ ಆರಂಭಿಸಿದ ಊರು ನಮ್ಮದು. ಮನೆಯಲ್ಲೇ ಸ್ಟುಡಿಯೊ ಕಟ್ಟುವ ಇಲ್ಲಿನ ಹುಡುಗರು ಇಂದು ಕೇಳುವ ಪ್ರಶ್ನೆ ಒಂದೇ: ಮಿಕ್ಸಿಂಗ್‌ಗೆ, ಅಂದರೆ ರೆಕಾರ್ಡ್ ಆದ ದನಿಗಳನ್ನು ಹದವಾಗಿ ಬೆರೆಸುವುದಕ್ಕೆ, ಲ್ಯಾಪ್‌ಟಾಪ್ ಸಾಕೇ, ದನಿಯ ಲೆಕ್ಕಕ್ಕೆಂದೇ ಪ್ರತ್ಯೇಕ ಚಿಪ್ ಇರುವ ಪೆಟ್ಟಿಗೆ ಬೇಕೇ?

ಮೊದಲು ಆಯ್ಕೆಯೇ ಇರಲಿಲ್ಲ. 1957ರಲ್ಲಿ ಬಂದ ಇಎಂಟಿ 140 ಎಂಬ ರಿವರ್ಬ್ ಯಂತ್ರದೊಳಗೆ (ದನಿಗೆ ಸಭಾಂಗಣದ ಅನುರಣನ ಕೊಡುವ ಯಂತ್ರ) ತೂಗುಹಾಕಿದ ಉಕ್ಕಿನ ತಗಡೊಂದು ಕಂಪಿಸುತ್ತಿತ್ತು. ಒಟ್ಟು ತೂಕ ಸುಮಾರು 270 ಕಿಲೊ. 1991ರಲ್ಲಿ ಕಂಪ್ಯೂಟರಿನಲ್ಲೇ ರೆಕಾರ್ಡಿಂಗ್ ಮಾಡುವ ಪ್ರೊ ಟೂಲ್ಸ್ ಬಂದಾಗ ಅದಕ್ಕಿದ್ದದ್ದು ನಾಲ್ಕು ಟ್ರ್ಯಾಕ್. ಆಗಿನ ಪ್ರೊಸೆಸರ್‌ಗೆ ಆ ಲೆಕ್ಕದ ಹೊರೆ ತಡೆಯುತ್ತಿರಲಿಲ್ಲ, ಹಾಗಾಗಿ ಮೊಟೊರೊಲಾ ಚಿಪ್‌ಗಳ ಕಾರ್ಡ್ ಬೇಕಾಯಿತು. ದನಿಯ ಸೊಗಸಿಗಾಗಿ ಬಂದ ಚಿಪ್ ಅದಲ್ಲ, ಕಂಪ್ಯೂಟರಿನ ಬಡತನಕ್ಕಾಗಿ ಬಂದದ್ದು. ಈ ಮೂಲವನ್ನು ಮರೆತದ್ದರಿಂದಲೇ ಚಿಪ್ ಇದ್ದರೆ ದನಿ ಚೆನ್ನ ಎಂಬ ಇಷ್ಟೆಲ್ಲ ವಾದ.

1996ರಲ್ಲಿ ಸ್ಟೈನ್‌ಬರ್ಗ್ ಸಂಸ್ಥೆ ಕ್ಯೂಬೇಸ್ ವಿಎಸ್‌ಟಿ ಎಂಬ ರೆಕಾರ್ಡಿಂಗ್ ತಂತ್ರಾಂಶ ತಂದಿತು. ಕಾರ್ಡ್ ಇಲ್ಲದೆ ಕಂಪ್ಯೂಟರೇ ರಿವರ್ಬ್‌ನಂಥ ಎಫೆಕ್ಟ್‌ಗಳನ್ನು ನಡೆಸಿತು. ಪ್ಲಗಿನ್‌ಗಳ, ಅಂದರೆ ಹೀಗೆ ತಂತ್ರಾಂಶಕ್ಕೆ ಜೋಡಿಸುವ ಎಫೆಕ್ಟ್‌ಗಳ, ಕಾಲ ಬೆಳೆದದ್ದು ಅಲ್ಲಿಂದ. ಚಿಪ್‌ಗಳಿಂದಲೇ ಹೆಸರಾದ ಯೂನಿವರ್ಸಲ್ ಆಡಿಯೊ ಕಂಪನಿ ಕೂಡ 2022ರಲ್ಲಿ ತನ್ನ ಎಫೆಕ್ಟ್‌ಗಳನ್ನು ಚಿಪ್ ಬೇಡದ ರೂಪದಲ್ಲಿ ಕೊಡತೊಡಗಿತು. ಒಂದೇ ಸೂತ್ರ, ಒಂದೇ ಲೆಕ್ಕ. ಎಲ್ಲಿ ಮಾಡಿದರೂ ಉತ್ತರ ಅದೇ.

ದನಿಯ ಏರಿಳಿತವನ್ನು ಹದಕ್ಕೆ ತರುವ, ವಾಲ್ವ್ (ಹಳೆಯ ರೇಡಿಯೊದ ಗಾಜಿನ ಕೊಳವೆ) ಇರುವ ನಿಜವಾದ ಅನಲಾಗ್ ಕಂಪ್ರೆಸರ್‌ನ ಮಾತು ಬೇರೆ. ಅದರ ದನಿಗೆ ನಾನೂ ಸೋತವನು. ಆದರೆ ಅದು ಒಂದು ಸಲಕ್ಕೆ ಒಂದೇ ಟ್ರ್ಯಾಕಿಗೆ ಸಲ್ಲುವ ಯಂತ್ರ. ಮೃದಂಗದ ಎರಡು ಮುಖ, ಘಟ, ತಂಬೂರಿ, ಪ್ರತಿಯೊಂದಕ್ಕೂ ಒಂದೊಂದು ಕೊಳ್ಳಲು ನಮ್ಮಲ್ಲಿ ಯಾರಿಗೆ ಸಾಧ್ಯ? ಚಿಪ್ ಪೆಟ್ಟಿಗೆಯ ಬೆಲೆ ಇಂದಿಗೂ ಸಾರ್ಥಕವಾಗುವುದು ರೆಕಾರ್ಡಿಂಗ್ ಹೊತ್ತಿನಲ್ಲಿ, ಹಾಡುವವರು ಎಫೆಕ್ಟ್ ಸಮೇತ ತಮ್ಮ ದನಿಯನ್ನು ತಡವಿಲ್ಲದೆ ಕೇಳಬೇಕಾದಾಗ. ಮಿಕ್ಸಿಂಗ್‌ಗೆಂದೇ ಕೊಳ್ಳುವುದಾದರೆ ಆ ಹಣ ಮೈಕಿಗೆ ಹೋಗಲಿ.

ವಿದುಷಿಯವರು ವೀಣೆಗೆ ಗವಸು ಹಾಕಿ ಹೊರಟ ಮೇಲೆ ಬಫರನ್ನು ಮತ್ತೆ 1024ಕ್ಕೆ ಏರಿಸಿ ಮಿಕ್ಸಿಂಗ್‌ಗೆ ಕುಳಿತೆ. ತಂತಿಯ ಮೇಲೆ ಬೆರಳಿಟ್ಟು ಕಾಯುವವರು ಈಗ ಯಾರೂ ಇರಲಿಲ್ಲ.