ನೀರಿನ ಕೊಳವೆಯ ತುದಿಯ ರಬ್ಬರ್ ಉಂಗುರ

ವರದಾ ನದಿಯ ದಂಡೆಯಲ್ಲಿ ಡೀಸೆಲ್ ಪಂಪು ಹಚ್ಚಿ ಹೊಲಕ್ಕೆ ನೀರು ಹಾಯಿಸಿದವರಿಗೆ ಒಂದು ಸಂಗತಿ ಚೆನ್ನಾಗಿ ಗೊತ್ತಿರುತ್ತದೆ. ಸಕ್ಷನ್ ಪೈಪಿನ ಜೋಡಣೆಯಲ್ಲಿ ಕೂದಲೆಳೆಯಷ್ಟು ಸಂದು ಇದ್ದರೂ ಪಂಪು ಗಾಳಿ ಎಳೆಯುತ್ತದೆ, ಎಂಜಿನ್ನು ಎಷ್ಟು ಓಡಿದರೂ ನೀರು ಮೇಲೇರುವುದಿಲ್ಲ. ಆಗ ಸೈಕಲ್ ಟ್ಯೂಬನ್ನು ಉದ್ದುದ್ದ ಪಟ್ಟಿಯಾಗಿ ಕತ್ತರಿಸಿ, ಬಿಗಿಯಾಗಿ ಎಳೆದೆಳೆದು ಆ ಜಾಗಕ್ಕೆ ಸುತ್ತುತ್ತಾರೆ. ಹುಬ್ಬಳ್ಳಿಯ ಗೋಕುಲ ರಸ್ತೆಯ ಬದಿಯ ಒಂದು ವರ್ಕ್‌ಶಾಪಿನಲ್ಲಿ ಹಳೆಯ ರೇಸಿಂಗ್ ದೋಣಿ ಎಂಜಿನ್ನೊಂದನ್ನು ಬಿಚ್ಚಿ ಮೇಜಿನ ಮೇಲೆ ಹರಡಿದ್ದಾಗ ನನಗೆ ಮೊದಲು ನೆನಪಾದದ್ದು ಆ ಟ್ಯೂಬಿನ ಪಟ್ಟಿಯೇ.

ದೋಣಿಯ ಹಿಂಬದಿಗೆ ತೂಗುಹಾಕುವ ಇಂಥ ಎಂಜಿನ್ನಿಗೆ ಔಟ್‌ಬೋರ್ಡ್ ಮೋಟಾರು ಎನ್ನುತ್ತಾರೆ. 2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ನರಗುಂದ, ರೋಣ ತಾಲ್ಲೂಕುಗಳ ಊರುಗಳಿಗೆ ನೀರು ನುಗ್ಗಿದಾಗ ಬಂದ ರಕ್ಷಣಾ ದೋಣಿಗಳಲ್ಲಿ ನಮ್ಮ ಕಡೆಯ ಅನೇಕರು ಅದನ್ನು ನೋಡಿದ್ದಾರೆ. ನಾರ್ವೆಯಲ್ಲಿ ಹುಟ್ಟಿ ಅಮೆರಿಕದ ಮಿಲ್ವಾಕಿಯಲ್ಲಿ ನೆಲೆಸಿದ್ದ ಓಲೆ ಎವಿನ್ರೂಡ್ 1909ರಲ್ಲಿ ಮಾರಾಟಕ್ಕಿಟ್ಟ ಯಂತ್ರದಿಂದ ಈ ಮೋಟಾರು ಜನಬಳಕೆಗೆ ಬಂತು. ಮೇಲೆ ಎಂಜಿನ್ನು, ಕೆಳಗೆ ನೀರೊಳಗೆ ಪ್ರೊಪೆಲ್ಲರು, ನಡುವೆ ಅಲ್ಯೂಮಿನಿಯಮ್ಮಿನ ಟೊಳ್ಳು ಕಾಲು. ಆ ಕಾಲಿನೊಳಗೆ ಹೆಬ್ಬೆರಳಿಗಿಂತ ಸಣ್ಣದಾದ ತಾಮ್ರದ ಕೊಳವೆಯೊಂದು ನದಿಯ ನೀರನ್ನು ಮೇಲಿನ ಸಿಲಿಂಡರುಗಳಿಗೆ ಒಯ್ಯುತ್ತದೆ. ಎಂಜಿನ್ನು ತಣ್ಣಗಿರುವುದು ಈ ನೀರಿನಿಂದ.

ಸಾಧಾರಣ ಮೋಟಾರುಗಳಲ್ಲಿ ನೀರೆತ್ತಲು ಒಂದು ಪುಟ್ಟ ಪಂಪು ಇರುತ್ತದೆ. ಪಂದ್ಯಕ್ಕೆಂದು ಮಾಡಿದ ಅನೇಕ ಹಳೆಯ ಮೋಟಾರುಗಳಲ್ಲಿ ಅದನ್ನು ಬಿಟ್ಟುಬಿಟ್ಟಿದ್ದರು, ಏಕೆಂದರೆ ನೀರೊಳಗಿನ ಭಾಗ ತೆಳ್ಳಗಿದ್ದಷ್ಟೂ ದೋಣಿಗೆ ತಡೆ ಕಡಿಮೆ. ಅಲ್ಲಿ ಒಂದು ಬಾಯಿಯನ್ನು ಓಟದ ದಿಕ್ಕಿಗೆ ತೆರೆದಿಟ್ಟರೆ ಸಾಕು, ದೋಣಿಯ ವೇಗವೇ ನೀರನ್ನು ಕೊಳವೆಯೊಳಕ್ಕೆ ನೂಕುತ್ತದೆ. ಈ ನೂಕುಬಲ ವೇಗದ ವರ್ಗಕ್ಕೆ ಅನುಗುಣವಾಗಿ ಬೆಳೆಯುತ್ತದೆ ಎಂಬುದನ್ನು ಇಲ್ಲಿ ಮರೆಯಬಾರದು. ಗಂಟೆಗೆ 60 ಕಿಲೋಮೀಟರು ವೇಗದಲ್ಲಿ ಅದು ನೀರನ್ನು ಲೆಕ್ಕದ ಪ್ರಕಾರ ಸುಮಾರು 14 ಮೀಟರು ಎತ್ತರಕ್ಕೆ ಏರಿಸಬಲ್ಲದು. ಅದೇ ದೋಣಿ ತಿರುವಿನಲ್ಲಿ ನಿಧಾನವಾಗಿ 10 ಕಿಲೋಮೀಟರಿಗೆ ಇಳಿದರೆ ಆ ಎತ್ತರ 40 ಸೆಂಟಿಮೀಟರಿಗೂ ತುಸು ಕಡಿಮೆ. ಅಂಥ ಹೊತ್ತಿನಲ್ಲಿ ಕೊಳವೆಯ ಮೇಲ್ತುದಿಯಲ್ಲಿ ನೀರು ಸೋರಿದರೆ ಸಿಲಿಂಡರಿಗೆ ತಲುಪಬೇಕಾದದ್ದು ಕಾಲಿನೊಳಗೇ ಸುರಿದುಹೋಗುತ್ತದೆ. ಹೊರಗಿನಿಂದ ಒಂದು ಹನಿಯೂ ಕಾಣದು. ಅಷ್ಟರಲ್ಲಿ ಅಲ್ಯೂಮಿನಿಯಮ್ಮಿನ ಪಿಸ್ಟನ್ನು ತನ್ನ ಸುತ್ತಲಿನ ಎರಕದ ಕಬ್ಬಿಣಕ್ಕಿಂತ ಸುಮಾರು ಎರಡು ಪಟ್ಟು ಹಿಗ್ಗಿ, ಸಿಲಿಂಡರಿನಲ್ಲೇ ಬಿಗಿದುಕೊಂಡು ನಿಲ್ಲುತ್ತದೆ.

ಇನ್ನು ಕೆಲವು ಹಳೆಯ ಮೋಟಾರುಗಳಲ್ಲಿ ಪ್ರೊಪೆಲ್ಲರಿನ ಹಿಂದಿನ ಒತ್ತಡದಿಂದ ನೀರನ್ನು ನೂಕಿ, ಅದರ ಮುಂದಿನ ಎಳೆತದಿಂದ ಹೀರಿಕೊಳ್ಳುವ ಏರ್ಪಾಡಿತ್ತು. ಎಳೆತದ ಬದಿಯಲ್ಲಿ ಸಂದಿದ್ದರೆ ಆಗುವುದು ನಮ್ಮ ಸಕ್ಷನ್ ಪೈಪಿನ ಕತೆಯೇ. ನೀರಿನ ಬದಲು, ಎಂಜಿನ್ನು ಕಾಲಿನೊಳಕ್ಕೆ ಬಿಡುವ ಹೊಗೆ ಒಳಗೆ ಸೇರುತ್ತದೆ.

ನಾನು ಬಿಚ್ಚಿದ ಮೋಟಾರಿನಲ್ಲಿ ಹಿಂದೆ ಯಾರೋ ಕೊಳವೆಯ ಮೇಲ್ತುದಿ ಕೂರುವ ಗೂಡಿನ ಜೋಡಣೆಯನ್ನು ಅಂಟಿನಿಂದ ಗಟ್ಟಿಯಾಗಿ ಬಿಗಿದಿದ್ದರು. ಕಲ್ಲಿನಂತಾಗಿದ್ದ ಅಂಟಿನ ಸುತ್ತ ಉಂಗುರದಂತೆ ಒಂದು ಬಿರುಕು ಹರಿದಿತ್ತು, ಬಿರುಕಿನುದ್ದಕ್ಕೂ ಬಿಳಿಯ ಪುಡಿ ಕೂತಿತ್ತು. ತಾಮ್ರ ಮತ್ತು ಅಲ್ಯೂಮಿನಿಯಮ್ ನೀರಿನಲ್ಲಿ ಒಂದನ್ನೊಂದು ಮುಟ್ಟಿಕೊಂಡಿದ್ದರೆ ಸಣ್ಣದೊಂದು ಬ್ಯಾಟರಿಯೇ ಆಗಿ ಅಲ್ಯೂಮಿನಿಯಮ್ ಸವೆಯುತ್ತದೆ, ಆ ಪುಡಿ ಅದರ ಗುರುತು. ಬಿರುಕಿಗೆ ಮಾತ್ರ ಕಾರಣ ಬೇರೆ. ಅರ್ಧ ಮೀಟರು ಉದ್ದದ ಕಾಲು ಹೊಗೆಯ ಬಿಸಿಗೆ 50 ಡಿಗ್ರಿ ಕಾಯಿತು, ಒಳಗೆ ತಣ್ಣೀರು ಹರಿಯುವ ಕೊಳವೆ 10 ಡಿಗ್ರಿ ಮಾತ್ರ ಕಾಯಿತು ಎಂದುಕೊಳ್ಳೋಣ. ಅಲ್ಯೂಮಿನಿಯಮ್ ಸುಮಾರು 0.57 ಮಿಲಿಮೀಟರು ಹಿಗ್ಗುತ್ತದೆ, ತಾಮ್ರ 0.09 ಮಿಲಿಮೀಟರಿನ ಆಸುಪಾಸು. ವ್ಯತ್ಯಾಸ ಹೆಚ್ಚುಕಡಿಮೆ ಅರ್ಧ ಮಿಲಿಮೀಟರು. ಎಂಜಿನ್ನು ಬಿಸಿಯಾದಾಗಲೊಮ್ಮೆ, ಆರಿದಾಗಲೊಮ್ಮೆ ಕೊಳವೆ ತನ್ನ ಗೂಡಿನಲ್ಲಿ ಅಷ್ಟು ಸರಿಯಲೇಬೇಕು. ಸರಿಯಲು ಬಿಡದ ಅಂಟು ಬಿರಿಯುವುದು ಸಹಜ, ಅಂಟು ಬಿರಿಯದಿದ್ದರೆ ಬೆಸುಗೆಯೋ ಕೊಳವೆಯೋ ಸೀಳುತ್ತದೆ.

ಆದ್ದರಿಂದ ಇಲ್ಲಿ ಬೇಕಾದದ್ದು ಕೊಳವೆಯನ್ನು ಸರಿಯಗೊಟ್ಟೂ ನೀರನ್ನು ಬಿಡದ ವಸ್ತು. ರಬ್ಬರಿನ ಗುಣವೇ ಅದು. ಒತ್ತಿದರೆ ಅದರ ಆಕಾರ ಬದಲಾಗುತ್ತದೆ, ಗಾತ್ರ ಬಹುಮಟ್ಟಿಗೆ ಕುಗ್ಗುವುದಿಲ್ಲ. ಕೊಳವೆಗೂ ಗೂಡಿಗೂ ನಡುವೆ ಕಾಲುಭಾಗದಷ್ಟು ಅಮುಕಿ ಕೂರಿಸಿದ ಉಂಗುರ ಲೋಹದ ಸಣ್ಣ ಗೀರುಗಳೊಳಕ್ಕೂ ಇಳಿದು ಕೂರುತ್ತದೆ. ನೀರಿನ ಒತ್ತಡ ಏರಿದಾಗ ಆ ಒತ್ತಡವೂ ಉಂಗುರವನ್ನು ಲೋಹಕ್ಕೆ ಇನ್ನಷ್ಟು ಒತ್ತುತ್ತದೆ. ಈ ಸರಳ ಉಪಾಯವನ್ನು ನೆನೆದಾಗಲೆಲ್ಲ ನನಗೆ ಬೆರಗಾಗುತ್ತದೆ.

ಯಾವ ರಬ್ಬರು ಎಂಬುದೂ ಮುಖ್ಯ. ಕಾಲಿನೊಳಗೆ ಹೊಗೆಯ ಜೊತೆ ಉರಿಯದೆ ಉಳಿದ ಎಣ್ಣೆಯೂ ಇಳಿಯುತ್ತದೆ. ಪೆಟ್ರೋಲು, ಖನಿಜ ತೈಲ ತಗುಲಿದರೆ ಸೈಕಲ್ ಟ್ಯೂಬಿನಲ್ಲಿ ಬಳಸುವಂಥ ನೈಸರ್ಗಿಕ ರಬ್ಬರು ಉಬ್ಬಿ ಮೆತ್ತಗಾಗುತ್ತದೆ, ಅದಕ್ಕೆ ನೈಟ್ರೈಲ್ ರಬ್ಬರೇ ಬೇಕು. ಕೆಲವು ಪಂದ್ಯದ ಎಂಜಿನ್ನುಗಳು ಮೆಥನಾಲಿಗೆ ಔಡಲೆಣ್ಣೆ ಬೆರೆಸಿ ಓಡುತ್ತಿದ್ದವು. ನಮ್ಮ ಹೊಲದ ಬದುವಿನ ಔಡಲದ ಎಣ್ಣೆಯೇ ಅದು, ನೈಸರ್ಗಿಕ ರಬ್ಬರಿಗೆ ಅದರಿಂದ ಅಷ್ಟು ಕೇಡಿಲ್ಲ.

ಕೂರಿಸುವ ಕೆಲಸ ತಾಳ್ಮೆಯದು. ಕೊಳವೆಯ ತುದಿಯ ಅಂಚನ್ನು ಸಣ್ಣ ಅರದಿಂದ ದುಂಡಗೆ ಮಾಡಬೇಕು, ಇಲ್ಲದಿದ್ದರೆ ಅದು ಒಳಹೋಗುವಾಗಲೇ ರಬ್ಬರನ್ನು ಹೆರೆಯುತ್ತದೆ. ನುಣುಪು ಪಾಲಿಶ್ ಕಾಗದದಿಂದ ಸುತ್ತಲೂ ಉಜ್ಜಿ, ವರ್ನಿಯರ್ ಹಿಡಿದು ದುಂಡು ತಪ್ಪಿಲ್ಲವೆಂದು ನಾಲ್ಕು ಕಡೆ ಅಳೆದೆ. ಗೂಡಿನ ಬಿಳಿಯ ಪುಡಿಯನ್ನು ಬಿದಿರಿನ ಕಡ್ಡಿಯಿಂದ ಕೆರೆದೆ, ಉಕ್ಕಿನ ಮೊನೆ ಮೆತ್ತನೆಯ ಅಲ್ಯೂಮಿನಿಯಮ್ಮಿಗೆ ಗಾಯ ಮಾಡುತ್ತದೆ. ಜಾರಲೆಂದು ಸೋಪಿನ ನೀರು ಸವರಿದೆ. ಸಿಲಿಕೋನ್ ಪೇಸ್ಟ್ ಹಚ್ಚಲಿಲ್ಲ, ಏಕೆಂದರೆ ಹೆಚ್ಚಾಗಿ ಒಳಗೆ ಉಕ್ಕಿದ ಪೇಸ್ಟು ಒಣಗಿ, ಚೂರಾಗಿ ಕಿತ್ತು, ಸಿಲಿಂಡರಿನ ಸುತ್ತಲಿನ ಸಣ್ಣ ನೀರುದಾರಿಯನ್ನು ಮುಚ್ಚಿಬಿಡಬಹುದು.

ಇಂಥ ಮೋಟಾರನ್ನು ನೀರು ತುಂಬಿದ ಡ್ರಮ್ಮಿನಲ್ಲಿ ನಿಲ್ಲಿಸಿ ಓಡಿಸಿ ನೋಡುವಂತಿಲ್ಲ, ದೋಣಿ ಮುಂದೆ ಸಾಗದೆ ನೀರೇ ಏರುವುದಿಲ್ಲ. ಹಾಗಾಗಿ ಎಂಜಿನ್ನು ಚಾಲೂ ಮಾಡದೆ, ಕೆಳಗಿನ ಬಾಯಿಗೆ ನಲ್ಲಿಯ ಪೈಪು ಬಿಗಿದು, ನೀರನ್ನು ಮೊದಲು ಸಣ್ಣಗೆ, ಆಮೇಲೆ ಜೋರಾಗಿ ಬಿಟ್ಟೆವು. ಮೇಲೆ ಸಿಲಿಂಡರಿನ ಪಕ್ಕದ ತೂತಿನಿಂದ ಪೆನ್ಸಿಲಿನಷ್ಟು ದಪ್ಪದ ಧಾರೆ ಚಿಮ್ಮಿತು. ಟಾರ್ಚು ಹಿಡಿದು ಟೊಳ್ಳು ಕಾಲಿನೊಳಗೆ ಇಣುಕಿದರೆ ಉಂಗುರದ ಸುತ್ತಲಿನ ಲೋಹ ಒಣಗಿಯೇ ಇತ್ತು.