ಕರಾಚಿಯ ಮೂರು ಬಾಲು, ಒಂದೇ ಸ್ವಿಂಗು

2006ರ ಜನವರಿ 29, ಭಾನುವಾರ. ಬಸವನಗುಡಿಯ ನಮ್ಮ ಮನೆಯಲ್ಲಿ ದೋಸೆ ಕಾವಲಿ ಇನ್ನೂ ಕಾದಿರಲಿಲ್ಲ, ಟಿವಿಯಲ್ಲಿ ಭಾರತ-ಪಾಕಿಸ್ತಾನ ಕರಾಚಿ ಟೆಸ್ಟಿನ ಮೊದಲ ಓವರ್ ಶುರುವಾಗಿತ್ತು. ಬೌಲರ್ ಇರ್ಫಾನ್ ಪಠಾಣ್, ಎಡಗೈ. ಮೊದಲ ಮೂರು ಬಾಲಿಗೆ ಏನೂ ಆಗಲಿಲ್ಲ. ನಾಲ್ಕನೆಯದು ಸಲ್ಮಾನ್ ಬಟ್ ಬ್ಯಾಟಿನ ಅಂಚಿಗೆ ತಾಗಿ ಸ್ಲಿಪ್‌ನಲ್ಲಿದ್ದ ನಮ್ಮೂರಿನ ದ್ರಾವಿಡ್ ಕೈಗೆ ಹೋಯಿತು. ಐದನೆಯದಕ್ಕೆ ಯೂನಿಸ್ ಖಾನ್ ಎಲ್‌ಬಿಡಬ್ಲ್ಯು, ಅಂದರೆ ವಿಕೆಟ್ಟಿಗೆ ಹೋಗುತ್ತಿದ್ದ ಬಾಲು ಕಾಲಿಗೆ ಬಡಿದು ಔಟ್. ಆರನೆಯದು ಮೊಹಮ್ಮದ್ ಯೂಸುಫ್ ಬ್ಯಾಟಿಗೂ ಪ್ಯಾಡಿಗೂ ನಡುವೆ ನುಗ್ಗಿ ವಿಕೆಟ್ಟಿಗೆ ಬಡಿಯಿತು. ಸೊನ್ನೆಗೆ ಮೂರು! ಟೆಸ್ಟಿನ ಮೊದಲ ಓವರ್‌ನಲ್ಲೇ ಹ್ಯಾಟ್ರಿಕ್ ಅನ್ನೋದನ್ನು ಅಲ್ಲಿವರೆಗೆ ಯಾರೂ ಮಾಡಿರಲಿಲ್ಲ.

ಔಟಾದ ರೀತಿ ಮೂರು, ಆದರೆ ಬಾಲು ತಿರುಗಿದ ದಿಕ್ಕು ಒಂದೇ. ಎಡಗೈ ಆಟಗಾರ ಬಟ್‌ಗೆ ಅದು ಹೊರಕ್ಕೆ ಹೋಗುವ ಬಾಲು, ಬಲಗೈನ ಯೂನಿಸ್, ಯೂಸುಫ್‌ಗೆ ಒಳಕ್ಕೆ ಬರುವ ಬಾಲು. ಎಡಗೈ ಬೌಲರ್ ಓವರ್ ದಿ ವಿಕೆಟ್, ಅಂದರೆ ಎಸೆಯುವ ಕೈ ವಿಕೆಟ್ಟಿನ ಪಕ್ಕಕ್ಕಿರುವಂತೆ, ಬಂದರೆ ಬಾಲು ಬಲಗೈ ಆಟಗಾರನನ್ನು ಅಡ್ಡಹಾಯ್ದು ಆಫ್ ಕಡೆಗೆ ಹೊರಟಂತೆ ಕಾಣುತ್ತದೆ. ಹೊರಗೆ ಹೋಗುತ್ತೆ ಅಂತ ಅವನು ಕಾಲು ಇಟ್ಟಿರುತ್ತಾನೆ, ಅಷ್ಟರಲ್ಲಿ ಅದು ವಾಪಸ್ ಒಳಗೆ ಬಂದಿರುತ್ತದೆ.

ಬಾಲು ಹೀಗೆ ಗಾಳಿಯಲ್ಲೇ ಪಕ್ಕಕ್ಕೆ ತಿರುಗುವುದೇ ಸ್ವಿಂಗ್. ತಿರುಗಿಸುವುದು ಗಾಳಿ. ಹೊಸ ಬಾಲು ಎರಡೂ ಕಡೆ ಒಂದೇ ಥರ ಮಿರಮಿರ ಅನ್ನುತ್ತಿರುತ್ತದೆ, ಹಾಗಾಗಿ ಮೊದಲ ಓವರ್‌ನಲ್ಲಿ ಪ್ಯಾಂಟಿಗೆ ಉಜ್ಜಿದ ಹೊಳಪಿಗೆ ದೊಡ್ಡ ಪಾತ್ರವಿಲ್ಲ. ಕೆಲಸವೆಲ್ಲ ಹೊಲಿಗೆಯದು. ಬಾಲನ್ನು ಕೈಯಲ್ಲಿ ಹಿಡಿದು ಹೆಬ್ಬೆರಳಿನಿಂದ ಸವರಿ ನೋಡಿ, ಆರು ಸಾಲು ದಾರ ಉಬ್ಬಿಕೊಂಡು ತರತರ ಅನ್ನಿಸುತ್ತದೆ. ಹೊಲಿಗೆಯನ್ನು ಸ್ವಲ್ಪ ಓರೆಯಾಗಿಟ್ಟು ಎಸೆದರೆ, ಒಂದು ಕಡೆಯ ಗಾಳಿ ಈ ಉಬ್ಬಿಗೆ ಎಡವಿ ಕದಡುತ್ತದೆ. ಕದಡಿದ ಗಾಳಿ ಬಾಲಿಗೆ ಜಾಸ್ತಿ ದೂರ ಅಂಟಿಕೊಂಡೇ ಸಾಗುತ್ತದೆ, ಇನ್ನೊಂದು ಕಡೆಯದು ಬೇಗ ಬಿಟ್ಟುಹೋಗುತ್ತದೆ. ಬಾಲಿನ ಹಿಂದಿನ ಗಾಳಿ ಒಂದು ಪಕ್ಕಕ್ಕೆ ವಾಲುತ್ತದೆ, ಬಾಲು ಅದರ ಎದುರು ಪಕ್ಕಕ್ಕೆ, ಅಂದರೆ ಹೊಲಿಗೆ ತೋರಿಸುವ ಕಡೆಗೆ ಸರಿಯುತ್ತದೆ. ನಲ್ಲಿ ನೀರಿಗೆ ಚಮಚದ ಬೆನ್ನು ತಾಗಿಸಿದರೆ ನೀರು ಬಾಗುತ್ತೆ, ಚಮಚ ನೀರಿನ ಕಡೆಗೆ ಎಳೆದುಕೊಳ್ಳುತ್ತೆ ಅಲ್ವಾ, ಹೆಚ್ಚು ಕಡಿಮೆ ಅದೇ.

ನನಗೆ ತುಂಬಾ ಇಷ್ಟವಾಗುವುದು ಇದರ ಲೆಕ್ಕ. ಗಂಟೆಗೆ 130 ಕಿ.ಮೀ. ವೇಗದ ಬಾಲು ಬ್ಯಾಟು ಮುಟ್ಟಲು ಸುಮಾರು ಅರ್ಧ ಸೆಕೆಂಡು. ಪಕ್ಕಕ್ಕೆ ತಳ್ಳುವ ಬಲ ಬಾಲಿನ ತೂಕದ ಮೂರರಲ್ಲಿ ಒಂದು ಪಾಲು ಅಂದುಕೊಳ್ಳಿ. ಬಾಲು ಒಟ್ಟು 40 ಸೆಂ.ಮೀ. ಸರಿಯುತ್ತದೆ. ಆದರೆ ಅರ್ಧ ದಾರಿಯಲ್ಲಿ ಸರಿದಿರುವುದು ಬರೀ 10, ಉಳಿದ 30 ಸೆಂ.ಮೀ. ಕೊನೆಯ ಕಾಲು ಸೆಕೆಂಡಿನಲ್ಲಿ! ಬಲ ಉದ್ದಕ್ಕೂ ಒಂದೇ ಇದ್ದರೂ ಸರಿಯುವ ದೂರ ಸಮಯದ ವರ್ಗದಂತೆ ಬೆಳೆಯುತ್ತದೆ. ‘ಲೇಟ್ ಸ್ವಿಂಗ್’ ಅನ್ನುತ್ತಾರಲ್ಲ, ಅದರ ಬಹುಪಾಲು ಇಷ್ಟೇ. ಅಷ್ಟು ಹೊತ್ತಿಗೆ ಆಟಗಾರ ಶಾಟ್ ತೀರ್ಮಾನ ಮಾಡಿಯಾಗಿರುತ್ತದೆ.

ವೇಗ ಜಾಸ್ತಿಯಾದಷ್ಟೂ ಒಳ್ಳೆಯದು ಅಂತಲೂ ಇಲ್ಲ. ವಿಜ್ಞಾನಿ ರಬಿ ಮೆಹ್ತಾ ಮತ್ತು ಜೊತೆಗಾರರು ಗಾಳಿ ಸುರಂಗದಲ್ಲಿ ಬಾಲುಗಳನ್ನು ಪರೀಕ್ಷಿಸಿ 1983ರಲ್ಲಿ ‘ನೇಚರ್’ ವಿಜ್ಞಾನ ಪತ್ರಿಕೆಯಲ್ಲಿ ಬರೆದರು. ಪಕ್ಕದ ಬಲ ಗಂಟೆಗೆ 110 ಕಿ.ಮೀ. ಆಸುಪಾಸಿನಲ್ಲಿ ಹೆಚ್ಚು, ತೀರಾ ಜೋರಾದರೆ ಎರಡೂ ಕಡೆಯ ಗಾಳಿ ಕದಡಿ ಸ್ವಿಂಗ್ ಕುಗ್ಗುತ್ತದೆ. 2003ರ ಡಿಸೆಂಬರ್‌ನಲ್ಲಿ, 19ನೇ ವಯಸ್ಸಿಗೆ, ಅಡಿಲೇಡ್‌ನಲ್ಲಿ ಮೊದಲ ಟೆಸ್ಟ್ ಆಡಿ ಮ್ಯಾಥ್ಯೂ ಹೇಡನ್ ವಿಕೆಟ್ ತೆಗೆದ ಇರ್ಫಾನ್ ಭಯಂಕರ ವೇಗದವರೇನಲ್ಲ. ಅವರ ಬಂಡವಾಳ ಮಣಿಕಟ್ಟು. ಬೆರಳುಗಳು ಹೊಲಿಗೆಯ ಹಿಂದಿನಿಂದ ನೇರ ಕೆಳಗೆ ಜಾರಿದರೆ ಬಾಲು ಹಿಮ್ಮುಖವಾಗಿ ಸುತ್ತುತ್ತದೆ. ಸುತ್ತುವ ಬುಗುರಿ ಹೇಗೆ ಬೀಳುವುದಿಲ್ಲವೋ ಹಾಗೆ ಹೊಲಿಗೆಯೂ ಅಲ್ಲಾಡದೆ ನಿಲ್ಲುತ್ತದೆ. 2004ರಲ್ಲಿ ಢಾಕಾ ಟೆಸ್ಟಿನಲ್ಲಿ 11, ಮರುವರ್ಷ ಹರಾರೆಯಲ್ಲಿ 12 ವಿಕೆಟ್ ಬಂದದ್ದು ಈ ಮಣಿಕಟ್ಟಿನಿಂದ.

ಇನ್ನು ನಮ್ಮ ಚಿನ್ನಸ್ವಾಮಿ. ಕರಾಚಿ ಸಮುದ್ರದ ಪಕ್ಕದ ಊರು, ಬೆಂಗಳೂರು ಸುಮಾರು 900 ಮೀಟರ್ ಎತ್ತರದಲ್ಲಿದೆ. ಇಲ್ಲಿ ಗಾಳಿಯ ಸಾಂದ್ರತೆ ಸುಮಾರು ಶೇ. 10 ಕಡಿಮೆ, ಪಕ್ಕದ ಬಲವೂ ಹೆಚ್ಚು ಕಡಿಮೆ ಅಷ್ಟೇ ಕಡಿಮೆ. ನಮ್ಮ 40 ಸೆಂ.ಮೀ. 36 ಆಗುತ್ತದೆ. ನಾಲ್ಕು ಸೆಂ.ಮೀ. ತಾನೇ ಅನ್ನಬೇಡಿ. ಬ್ಯಾಟಿನ ಅಗಲವೇ 10.8 ಸೆಂ.ಮೀ., ಮಧ್ಯದಿಂದ ಅಂಚಿಗೆ 5.4. ಬಟ್ ಬ್ಯಾಟಿನ ಅಂಚು ಸವರಿದ ಆ ಬಾಲು ಇಲ್ಲಿ ನಾಲ್ಕು ಸೆಂ.ಮೀ. ಕಡಿಮೆ ತಿರುಗಿದ್ದರೆ ಬ್ಯಾಟಿನ ನಡುಭಾಗದ ಹತ್ತಿರಕ್ಕೇ ಬಂದಿರುತ್ತಿತ್ತು, ಸ್ಲಿಪ್‌ನಲ್ಲಿ ದ್ರಾವಿಡ್ ಸುಮ್ನೆ ನಿಂತಿರಬೇಕಾಗಿತ್ತು.