ದಾರಿಯ ಬೋರ್ಡು ಕಿತ್ತ ರಾತ್ರಿ

2011ರ ಜನವರಿ 28. ಕೈರೋದಲ್ಲಿ ಮಧ್ಯರಾತ್ರಿ ಕಳೆದು 12 ನಿಮಿಷ. ಅಧ್ಯಕ್ಷ ಹೊಸ್ನಿ ಮುಬಾರಕ್ ವಿರುದ್ಧ ಬೀದಿಗಿಳಿದಿದ್ದ ಜನರನ್ನು ತಡೆಯಲು ಈಜಿಪ್ಟ್ ಸರ್ಕಾರ ನೆಟ್ ಕಡಿಯತೊಡಗಿತು. ಮೊದಲು ಟೆಲಿಕಾಂ ಈಜಿಪ್ಟ್ ಕಂಪನಿಯ ಜಾಲ ಕಾಣೆಯಾಯಿತು. ಒಂದು ನಿಮಿಷ ಬಿಟ್ಟು ರಾಯಾ. ಮತ್ತೆ ನಾಲ್ಕು ನಿಮಿಷಕ್ಕೆ ಲಿಂಕ್ ಈಜಿಪ್ಟ್. ಅದರ ಹಿಂದೆ ಎತಿಸಲಾತ್. 12.25ಕ್ಕೆ ಇಂಟರ್‌ನೆಟ್ ಈಜಿಪ್ಟ್. ಅಮೆರಿಕದ ರೆನೆಸಿಸ್ ಎಂಬ ಸಂಸ್ಥೆ ಇದನ್ನು ದೂರದಿಂದ ಗಮನಿಸುತ್ತಿತ್ತು. ಯಾರೋ ಒಂದೇ ಸ್ವಿಚ್ ಒತ್ತಿದ್ದರೆ ಎಲ್ಲವೂ ಒಟ್ಟಿಗೆ ಹೋಗಬೇಕಿತ್ತು. ಹೀಗೆ ಒಂದರ ಹಿಂದೆ ಒಂದು ಹೋದದ್ದು ನೋಡಿದರೆ, ಕಂಪನಿಗಳಿಗೆ ಸರದಿಯಲ್ಲಿ ಫೋನ್ ಹೋಗುತ್ತಿರುವ ಹಾಗಿದೆ ಎಂದು ಅಲ್ಲಿನವರು ಊಹಿಸಿದರು.

ಅಷ್ಟು ಸುಲಭವಾಗಿ ಹೆಚ್ಚುಕಡಿಮೆ ಇಡೀ ದೇಶದ ನೆಟ್ ಹೇಗೆ ಹೋಯಿತು? ಯಾರೂ ಕೇಬಲ್ ಕತ್ತರಿಸಲಿಲ್ಲ. ಇಂಟರ್‌ನೆಟ್ ಅಂದರೆ ಒಂದೇ ದೊಡ್ಡ ಜಾಲ ಅಲ್ಲ. ಸಾವಿರಾರು ಜಾಲಗಳು ಒಂದಕ್ಕೊಂದು ಜೋಡಿಕೊಂಡಿವೆ. ಪ್ರತಿಯೊಂದೂ ತನ್ನ ನೆರೆಯ ಜಾಲಕ್ಕೆ, ‘ಈ ವಿಳಾಸಗಳಿಗೆ ಹೋಗಬೇಕಾದರೆ ನನ್ನ ಕಡೆಯಿಂದ ಬಾ’ ಎಂದು ಹೇಳಿಟ್ಟಿರುತ್ತದೆ. ಈ ಏರ್ಪಾಡಿಗೆ ಬಾರ್ಡರ್ ಗೇಟ್‌ವೇ ಪ್ರೊಟೊಕಾಲ್, ಚಿಕ್ಕದಾಗಿ ಬಿಜಿಪಿ ಎಂದು ಹೆಸರು. ಹೆದ್ದಾರಿಯಲ್ಲಿ ನಮ್ಮೂರಿಗೆ ತಿರುಗುವ ಕಡೆ ಇರುವ ಬೋರ್ಡಿನ ಹಾಗೆ. ಆ ರಾತ್ರಿ ಅಂಥ ಸುಮಾರು 3,500 ಬೋರ್ಡುಗಳನ್ನು ಕಿತ್ತರು. ಊರು ಅಲ್ಲೇ ಇತ್ತು, ರಸ್ತೆಯೂ ಇತ್ತು. ಅಲ್ಲಿಗೆ ಹೋಗುವ ದಾರಿ ಮಾತ್ರ ಹೊರಗಿನ ಯಾರಿಗೂ ಗೊತ್ತಿರಲಿಲ್ಲ. ಯುರೋಪಿಗೂ ನಮ್ಮ ಭಾರತಕ್ಕೂ ನಡುವಿನ ಕೇಬಲ್‌ಗಳು ಈಜಿಪ್ಟಿನ ಮೂಲಕವೇ ಹಾದುಹೋಗುತ್ತವೆ. ಅವುಗಳಲ್ಲಿ ಸಂಚಾರ ನಿಲ್ಲಲಿಲ್ಲ. ಹೊರಗಿನವರ ಮಾತು ಆ ನೆಲದಡಿ ಹರಿಯುತ್ತಿದ್ದಾಗ ಆ ನೆಲದ ಜನರಿಗೇ ದನಿ ಇರಲಿಲ್ಲ. ಇದನ್ನು ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ.

ಸರ್ಕಾರ ಇಷ್ಟು ಹೆದರಿದ್ದಕ್ಕೆ ಹಿಂದೆ ಒಂದು ಸಾವಿತ್ತು. 2010ರ ಜೂನ್‌ನಲ್ಲಿ ಅಲೆಕ್ಸಾಂಡ್ರಿಯಾದಲ್ಲಿ ಖಾಲಿದ್ ಸಯೀದ್ ಎಂಬ 28 ವರ್ಷದ ಯುವಕನನ್ನು ಪೊಲೀಸರು ಹೊಡೆದು ಕೊಂದರು. ಜಜ್ಜಿಹೋದ ಅವನ ಮುಖದ ಫೋಟೊ ನೆಟ್‌ನಲ್ಲಿ ಹರಡಿತು. ಗೂಗಲ್‌ನಲ್ಲಿ ಕೆಲಸ ಮಾಡುತ್ತಿದ್ದ ವಾಇಲ್ ಗೊನಿಮ್ ದುಬೈನಲ್ಲಿ ಕೂತು, ಹೆಸರು ಹೇಳದೆ, ‘ನಾವೆಲ್ಲರೂ ಖಾಲಿದ್ ಸಯೀದ್’ ಎಂಬ ಫೇಸ್‌ಬುಕ್ ಪೇಜ್ ಶುರುಮಾಡಿದರು. ಲಕ್ಷಾಂತರ ಜನ ಸೇರಿದರು. ‘ನನಗೊಬ್ಬನಿಗೇ ಸಿಟ್ಟು ಬಂದಿದೆ’ ಅಂದುಕೊಂಡವನಿಗೆ, ಪಕ್ಕದ ಬೀದಿಯವನಿಗೂ ಅದೇ ಸಿಟ್ಟಿದೆ ಎಂದು ತಿಳಿಯಿತು. ಹೋರಾಟಕ್ಕೆ ನೆಟ್ ಕೊಟ್ಟ ದೊಡ್ಡ ಬಲ ಇದೇ ಅನ್ನಿಸುತ್ತದೆ. ಜನವರಿ 25ಕ್ಕೆ ಬೀದಿಗಿಳಿಯೋಣ ಎಂಬ ಕರೆಯೂ ಆ ಪೇಜ್‌ನಿಂದ ಹೋಯಿತು.

ನೆಟ್ ಹೋದ ಬೆಳಿಗ್ಗೆ ಶುಕ್ರವಾರ. ಮೊಬೈಲ್ ಕೂಡ ಬಂದ್. ಜನ ಮನೆಯಲ್ಲಿ ಸುಮ್ನೆ ಕೂರಬಹುದಿತ್ತು, ಅಲ್ವಾ? ಆದದ್ದು ಬೇರೆ. ಮಗ ಎಲ್ಲಿದ್ದಾನೆ, ಏನಾಗುತ್ತಿದೆ ಎಂದು ತಿಳಿಯಬೇಕಾದರೆ ಬೀದಿಗೆ ಬರಲೇಬೇಕಿತ್ತು. ಬಂದವರು ಪಕ್ಕದವರನ್ನು ಮಾತಾಡಿಸಿದರು. ನಮಾಜ್ ಮುಗಿದ ಮೇಲೆ ಮಸೀದಿಗಳ ಮುಂದೆಯೇ ಗುಂಪುಗಳು ಕಟ್ಟಿಕೊಂಡವು. ಅದುವರೆಗೆ ಕೈರೋದ ತಹ್ರೀರ್ ಚೌಕದ ಸುತ್ತ ಜಾಸ್ತಿ ಇದ್ದ ಪ್ರತಿಭಟನೆ ಆ ದಿನ ನಗರದ ಹಲವು ಕಡೆ ಒಟ್ಟಿಗೇ ಎದ್ದಿತು. ನೆಟ್ ಕಡಿದದ್ದೇ ಚಳವಳಿಯನ್ನು ಚದುರಿಸಿ ಹರಡಿತು ಎಂದು ರಾಜಕೀಯ ಶಾಸ್ತ್ರಜ್ಞ ನವೀದ್ ಹಸನ್‌ಪುರ್ ವಾದಿಸಿದ್ದಾರೆ. ಒಂದೇ ಚೌಕವಾದರೆ ಪೊಲೀಸರು ಸುತ್ತುವರಿಯಬಹುದು. ಹತ್ತಾರು ಬೀದಿಗಳನ್ನು ಸುತ್ತುವರಿಯುವುದು ಹೇಗೆ?

ಲ್ಯಾಂಡ್‌ಲೈನ್ ಮಾತ್ರ ಜೀವಂತವಾಗಿತ್ತು. ಕೆಲವರು ಫೋನ್ ಲೈನಿನ ಮೇಲೆ ನೆಟ್ ಜೋಡಿಸುವ ಹಳೆಯ ಡಯಲ್‌ಅಪ್ ಮೋಡೆಮ್‌ಗಳನ್ನು ಹೊರತೆಗೆದರು. ಫ್ರಾನ್ಸಿನ ಎಫ್‌ಡಿಎನ್ ಎಂಬ ಸಣ್ಣ ಸಂಸ್ಥೆ ಅವರಿಗಾಗಿ ಒಂದು ನಂಬರ್ ತೆರೆದಿಟ್ಟಿತು. ಫೋನ್‌ನಲ್ಲಿ ಮಾತಾಡಿದ್ದು ಟ್ವಿಟರ್‌ಗೆ ಹೋಗುವ ಹಾಗೆ ಗೂಗಲ್ ಒಂದು ದಾರಿ ಮಾಡಿಕೊಟ್ಟಿತು. ನೆಟ್ ಮರಳಿದ್ದು ಫೆಬ್ರವರಿ 2ರಂದು. 11ಕ್ಕೆ ಮುಬಾರಕ್ ಅಧಿಕಾರದಿಂದ ಇಳಿದರು. ಆ ಐದು ದಿನಕ್ಕೆ ದೇಶಕ್ಕೆ ಕಡಿಮೆ ಎಂದರೂ 9 ಕೋಟಿ ಡಾಲರ್ ನಷ್ಟ ಎಂದು ಶ್ರೀಮಂತ ದೇಶಗಳ ಆರ್ಥಿಕ ಒಕ್ಕೂಟ ಒಇಸಿಡಿ ಲೆಕ್ಕ ಹಾಕಿತು.

ಹಾಗಂತ ಯಾವ ಕಡಿವಾಣವೂ ಬೇಡ ಎಂದು ನಾನು ಹೇಳುತ್ತಿಲ್ಲ. 2012ರ ಆಗಸ್ಟ್‌ನಲ್ಲಿ ಬೆದರಿಕೆಯ ಸುಳ್ಳು ಸುದ್ದಿ ನಂಬಿ ಈಶಾನ್ಯ ರಾಜ್ಯಗಳ ಸಾವಿರಾರು ಜನ ನಮ್ಮ ಬೆಂಗಳೂರು ಬಿಟ್ಟು ಗುವಾಹಟಿಯ ರೈಲು ಹತ್ತಿದರು. ಆಗ ಕೇಂದ್ರ ಸರ್ಕಾರ ಎಸ್ಸೆಮ್ಮೆಸ್‌ಗೆ ದಿನಕ್ಕೆ ಐದರ ಮಿತಿ ಹಾಕಿತು. ಫೋನ್ ನಿಲ್ಲಲಿಲ್ಲ, ಸುದ್ದಿ ಹಬ್ಬುವ ವೇಗಕ್ಕಷ್ಟೇ ತಡೆ. 2018ರಲ್ಲಿ ವಾಟ್ಸಾಪ್ ಫಾರ್ವರ್ಡ್‌ಗೆ ಭಾರತದಲ್ಲಿ ಹಾಕಿದ, ಒಮ್ಮೆಗೆ ಐದೇ ಚಾಟ್‌ಗಳಿಗೆ ಎಂಬ ಮಿತಿಯೂ ಇದೇ ಬಗೆಯದು. ಆತಂಕದಲ್ಲಿರುವವರು ‘ಹುಷಾರಾಗಿದ್ದೇನೆ’ ಎಂದು ಅಮ್ಮನಿಗೆ ತಿಳಿಸುವ ದಾರಿಯಾದರೂ ಉಳಿಯುತ್ತದೆ. ಪೂರ್ತಿ ನೆಟ್ ಕಡಿದರೆ ಅದೂ ಇಲ್ಲ. ಕಾಶ್ಮೀರದ ನೆಟ್ ಬಂದ್ ಕುರಿತ ಪ್ರಕರಣದಲ್ಲಿ ನಮ್ಮ ಸುಪ್ರೀಂ ಕೋರ್ಟ್, ಗಡುವಿಲ್ಲದೆ ನೆಟ್ ನಿಲ್ಲಿಸುವಂತಿಲ್ಲ, ಆದೇಶವನ್ನು ಜನರ ಮುಂದಿಡಬೇಕು ಎಂದು 2020ರ ಜನವರಿಯಲ್ಲಿ ಹೇಳಿತು.

ಈಜಿಪ್ಟಿನಲ್ಲಿ ಆಮೇಲೆ ಬಂದ ಆಳುವವರು ಬೇರೆ ದಾರಿ ಹಿಡಿದರು. 2018ರ ಕಾನೂನಿನ ಪ್ರಕಾರ, 5,000 ಅಥವಾ ಅದಕ್ಕಿಂತ ಜಾಸ್ತಿ ಫಾಲೋವರ್‌ಗಳಿರುವ ಯಾರದೇ ಖಾತೆಯಾಗಲಿ, ಅದು ಮಾಧ್ಯಮದ ಲೆಕ್ಕಕ್ಕೆ ಬರುತ್ತದೆ. ಸುಳ್ಳು ಸುದ್ದಿ ಹಾಕಿದೆ ಎಂದು ಹೇಳಿ ನಿಯಂತ್ರಕರು ಅದನ್ನು ಮುಚ್ಚಬಹುದು. ಬೋರ್ಡು ಕೀಳುವ ಕೆಲಸವೇ ಇಲ್ಲ. ಖಾಲಿದ್‌ನ ಹೆಸರಿನ ಆ ಪೇಜ್ ಇಂದು ಶುರುವಾಗಿದ್ದರೆ, ಐದು ಸಾವಿರ ಜನ ಸೇರಿದ ದಿನವೇ ಅದು ಆ ಲೆಕ್ಕಕ್ಕೆ ಸಿಗುತ್ತಿತ್ತು.